ಕ್ರೋಧಬಿಂದು ಮೀಮಾಂಸೆ

ವಿಷಯ: ಆತ್ಮಪರಿಶೋಧನೆ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡತಕ್ಕದ್ದೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ವಿಧಿಸಿತು. ಆದರೆ ವರ್ಷದ ಪಾಪಗಳನ್ನು ಒಟ್ಟಾಗಿ ನೆನೆಯಹೊರಟವನಿಗೆ ನೆರೆಯವರ ಪಾಪಗಳೇ ಮೊದಲು ನೆನಪಾಗುವುವೆಂದು ಬಲ್ಲವರಂತೆ ಲೊಯೋಲದ ಸಂತ ಇಗ್ನೇಷಿಯಸರು, 1548ರಲ್ಲಿ ಮುದ್ರಿತವಾದ ತಮ್ಮ ಆಧ್ಯಾತ್ಮಿಕ ಸಾಧನೆಗಳ ಗ್ರಂಥದಲ್ಲಿ, ಒಂದೇ ದೋಷವನ್ನಾರಿಸಿಕೊಂಡು, ಬೆಳಗ್ಗೆ ಸಂಕಲ್ಪಿಸಿ, ಮಧ್ಯಾಹ್ನದೂಟವಾದ ಮೇಲೊಮ್ಮೆ, ರಾತ್ರಿಯೂಟವಾದ ಮೇಲೊಮ್ಮೆ ಲೆಕ್ಕ ನೋಡಿ, ಎಡವಿದ ಸಲಕ್ಕೊಂದರಂತೆ ಗೆರೆಯ ಮೇಲೆ ಬಿಂದುವಿಡುವ ಕ್ರಮವನ್ನುಪದೇಶಿಸಿದರು. ದಿನಕ್ಕೆರಡರಂತೆ ವಾರಕ್ಕೆ 14 ಗೆರೆ.

ದೃಷ್ಟಾಂತ: ತರ್ಕಗ್ರಂಥಗಳ ದೇವದತ್ತನಂತೆ ಇಲ್ಲಿ, ಆ ಸಂತರ ಹೆಸರನ್ನೇ ಹೊತ್ತ, ಜರಗನಹಳ್ಳಿಯ ಇನ್ನಾಸಪ್ಪನೆಂಬ ಕಲ್ಪಿತ ಪುರುಷನನ್ನು ಅಂಗೀಕರಿಸೋಣ. ಇವನ ದೋಷ ಕ್ರೋಧ. ಅದರ ಉತ್ಪತ್ತಿಸ್ಥಾನ ಕನಕಪುರ ರಸ್ತೆಯ ಸಾರಕ್ಕಿ ಸಿಗ್ನಲ್. ಹಸಿರು ದೀಪ ಹತ್ತುವ ಮೊದಲೇ ಹಿಂದಿನವರು ಹಾರನ್ ಒತ್ತುವರು. ಎಡವಿದಾಗಲೆಲ್ಲ ಎದೆಯ ಮೇಲೆ ಕೈಯಿಡಬೇಕೆಂಬ ಸಂತರ ವಿಧಿಯನ್ನು ಪಾಲಿಸಹೋಗಿ ಇನ್ನಾಸಪ್ಪನ ಬಲಗೈ ಆಕ್ಸಿಲರೇಟರಿಗೆ ದೊರಕದೆ, ಹಾರನ್ ಇಮ್ಮಡಿಸಿ, ಬಿಂದುಗಳ ನಡುವೆ ಗೆರೆಯೇ ಅಡಗುತ್ತಿತ್ತು. 2017ರ ಜೂನಿನಲ್ಲಿ ಯಲಚೇನಹಳ್ಳಿಯವರೆಗೆ ಮೆಟ್ರೋ ಓಡಲಾರಂಭಿಸಿತು, ಇನ್ನಾಸಪ್ಪನು ಸ್ಕೂಟರನ್ನು ಮನೆಯಲ್ಲಿ ನಿಲ್ಲಿಸಿದನು, ಬಿಂದುಗಳು ಮಾಯವಾದುವು.

ಸಂಶಯ: ಈ ಶಾಂತಿಯು ಇನ್ನಾಸಪ್ಪನ ಸದ್ಗುಣವೋ, ಮೆಟ್ರೋ ನಿಗಮದ ಸದ್ಗುಣವೋ?

ಪೂರ್ವಪಕ್ಷ: ನಿಗಮದ್ದೇ. ಸಂತ ತೋಮಾಸ್ ಅಕ್ವಿನಾಸರ ಮತದಲ್ಲಿ ಮನುಷ್ಯನು ತಾನಾಗಿ ಗಳಿಸುವ ಸದ್ಗುಣವು ಸತ್ಕರ್ಮಗಳ ಅಭ್ಯಾಸದಿಂದ ನೆಲೆಗೊಳ್ಳುವ ಗುಣ. ಕೋಪ ಬರಿಸುವವರೇ ಇಲ್ಲದೆಡೆಯಲ್ಲಿ ತಾಳ್ಮೆಯ ಅಭ್ಯಾಸವೆಲ್ಲಿಂದ ಬಂದೀತು?

ಸಿದ್ಧಾಂತ: ಹಾಗಲ್ಲ. ಪಶ್ಚಾತ್ತಾಪವೆಂದರೆ ಪಾಪವನ್ನಷ್ಟೇ ಅಲ್ಲದೆ ಪಾಪಕ್ಕೆಡೆಮಾಡುವ ಸಂದರ್ಭಗಳನ್ನೂ ತೊರೆಯುವುದೆಂದು ಧರ್ಮಸಭೆಯ ಬೋಧನೆಯಿರುವುದರಿಂದ, ಸಿಗ್ನಲನ್ನು ತೊರೆದದ್ದು ವಿವೇಕ. ವಿವೇಕವು ನಾಲ್ಕು ಮೂಲ ಸದ್ಗುಣಗಳಲ್ಲಿ ಮೊದಲನೆಯದು. ಆದ್ದರಿಂದ ಟೋಕನ್ ಕೊಂಡದ್ದೂ ಸತ್ಕರ್ಮವೇ.

ಆದರೆ, ಭಾನುವಾರದ ಪೂಜೆ ಮುಗಿದೊಡನೆ ಇನ್ನಾಸಪ್ಪನು ಬಿಂದುರಹಿತವಾದ ತನ್ನ ಪುಸ್ತಕವನ್ನು ಸಕಲರಿಗೂ ತೋರಿಸಿ, ಹೆಂಡತಿಗೂ ಷಡ್ಡಕನಿಗೂ ಒಂದೊಂದು ಪುಸ್ತಕ ಕೊಂಡುಕೊಟ್ಟು, ಅವರ ಬಿಂದುಗಳನ್ನು ತಾನೇ ಇಡತೊಡಗಿದನು. ಹಗಲುಣ್ಣದ ದೇವದತ್ತನು ಕೊಬ್ಬಿದ್ದರೆ ರಾತ್ರಿ ಉಣ್ಣುತ್ತಾನೆಂದು ಅರ್ಥಾಪತ್ತಿಯಿಂದ ತಿಳಿಯುವಂತೆ, ಬಿಂದುವಿಲ್ಲದ ಇನ್ನಾಸಪ್ಪನು ಉಬ್ಬಿದ್ದರೆ ಅವನ ಬಿಂದುಗಳು ಬೇರೊಂದು ಪುಟದಲ್ಲಿವೆಯೆಂದೇ ತಿಳಿಯತಕ್ಕದ್ದು. ಆ ಪುಟದ ಹೆಸರು ಅಹಂಕಾರ. ಮಹಾ ಗ್ರೆಗೊರಿಯವರು ಅದನ್ನು ದುರ್ಗುಣಗಳ ರಾಣಿಯೆಂದೇ ಕರೆದಿದ್ದಾರೆ.

ನಿರ್ಣಯ: ಕ್ರೋಧದ ಗೆರೆ ಬರಿದಾದವನು ಅದೇ ದಿನ ಅಹಂಕಾರಕ್ಕೆ ಗೆರೆ ಎಳೆಯತಕ್ಕದ್ದು. ಮನೆಗೆಷ್ಟು ಪುಸ್ತಕಗಳಾದರೂ ಇರಲಿ, ಪೆನ್ಸಿಲ್ ಹಿಡಿದವನು ತನ್ನ ಹೆಸರಿರುವುದನ್ನು ಮಾತ್ರ ತೆರೆಯತಕ್ಕದ್ದು. ಷಡ್ಡಕನ ಪುಸ್ತಕವನ್ನು ಷಡ್ಡಕನಿಗೇ ಹಿಂದಿರುಗಿಸತಕ್ಕದ್ದು.