ಪಾದಚಾರಿ ಮೀಮಾಂಸೆ: 2016ರ ಬೇಸಿಗೆಯ ಕನ್ನಡ ಚಿತ್ರಗಳ ನಡಿಗೆಶಾಸ್ತ್ರೀಯ ಅಧ್ಯಯನ

1. ಪ್ರಸ್ತಾವನೆ

ಕನ್ನಡ ಚಿತ್ರರಂಗದ ಬಗ್ಗೆ ಈವರೆಗೆ ನಡೆದ ವಿದ್ವತ್ ಚರ್ಚೆಗಳೆಲ್ಲ ನಾಯಕನ ಮುಖ, ನಾಯಕಿಯ ಕಣ್ಣು, ಖಳನ ನಗು ಮತ್ತು ನಿರ್ಮಾಪಕನ ನಷ್ಟ ಎಂಬ ನಾಲ್ಕು ಅಂಗಗಳಲ್ಲೇ ಸುತ್ತುತ್ತಿವೆ. ಕಾಲಿನ ಕಡೆ ಯಾರೂ ನೋಡಿಲ್ಲ. ಹೀರೋ ಎಂಟ್ರಿಯಲ್ಲಿ ಮೊದಲು ಕಾಣುವುದೇ ಬೂಟು. ಮುಖ ಕಾಣುವಷ್ಟರಲ್ಲಿ ಗಾಂಧಿಕ್ಲಾಸಿನವರು ಅರ್ಧ ಶಿಳ್ಳೆ ಮುಗಿಸಿರುತ್ತಾರೆ. ಇಷ್ಟು ಢಾಳಾದ ಪುರಾವೆ ಕಣ್ಣೆದುರಿಗಿದ್ದೂ ವಿದ್ವಾಂಸರು ಸುಮ್ಮನಿದ್ದಾರೆಂದರೆ, ಅವರು ಬಾಲ್ಕನಿಯಲ್ಲಿ ಕೂರುವುದೇ ಕಾರಣವೆಂದು ಊಹಿಸಬೇಕಾಗುತ್ತದೆ. ಅಲ್ಲಿಂದ ಶಿಳ್ಳೆ ಕೇಳುತ್ತದೆ, ಅದರ ತತ್ತ್ವ ಕೇಳಿಸದು. ಈ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನ ಇದು. ವಿನಮ್ರ ಎಂಬ ಪದ ಪ್ರಸ್ತಾವನೆಗಷ್ಟೇ ಅನ್ವಯಿಸುತ್ತದೆ.

2. ಆಕರ ಸಾಮಗ್ರಿ

ಅಧ್ಯಯನಕ್ಕೆ ಆಧಾರ ಒಂದೇ ಹಸ್ತಪ್ರತಿ: ಬೆಂಗಳೂರಿನ ಅಭಿಮಾನಿಯೊಬ್ಬ ಆ ಬೇಸಿಗೆಯ ತನ್ನ ಮೆಚ್ಚಿನ ಚಿತ್ರಗಳನ್ನು ಗ್ಯಾಸ್ ಸಿಲಿಂಡರ್ ರಸೀದಿಯ ಹಿಂಬದಿಯಲ್ಲಿ ಬರೆದಿಟ್ಟ ಪಟ್ಟಿ. ಏಕಪತ್ರ. ಶಾಯಿ ನೀಲಿ. ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಇದನ್ನು ನಮ್ಮ ಸಿದ್ಧಾಂತಕ್ಕೆ ದೊರೆತ ಮೊದಲ ಬೆಂಬಲವೆಂದು ಭಾವಿಸಲಾಗಿದೆ. ಪಾಠ ಹೀಗಿದೆ:

"ತಿಥಿ – ಸೂಪರ್. ಯೂ ಟರ್ನ್ – ಡಬಲ್ ರೋಡ್ ಕಡೆ ಇನ್ ಹೋಗಲ್ಲ. ಗೋಧಿ ಬಣ್ಣ – ಅಪ್ಪಂಗೆ ಫೋನ್ ಮಾಡ್ಬೇಕು. ಚಕ್ರ…"

ಇಲ್ಲಿಂದ ಮುಂದೆ ಬೋಂಡಾದ ಎಣ್ಣೆಯಿಂದಾಗಿ ಗ್ರಂಥಪಾತವಾಗಿದೆ. ತ್ರುಟಿತ ಭಾಗವನ್ನು 'ಚಕ್ರವ್ಯೂಹ' ಎಂದು ಪೂರೈಸಬೇಕೋ 'ಚಕ್ರಬಡ್ಡಿ' ಎಂದೋ? ರಸೀದಿಯ ಮೊತ್ತ ನೋಡಿದರೆ ಎರಡನೆಯದೂ ಸಾಧುವೇ. ಆದರೆ ಪುನೀತ್ ರಾಜ್‌ಕುಮಾರ್ ಅವರ 'ಚಕ್ರವ್ಯೂಹ' ಆ ವರ್ಷ ಏಪ್ರಿಲ್ 29ರಂದು ತೆರೆಕಂಡಿದ್ದರಿಂದ ಮೊದಲ ಪಾಠವನ್ನೇ ಸ್ವೀಕರಿಸಿದೆ. ಅಂಚಿನಲ್ಲಿ "ಆರ್‌ಸಿಬಿ, 8" ಎಂಬ ಟಿಪ್ಪಣಿಯಿದ್ದು, ಸುತ್ತ ನೀರಿನ ಕಲೆಯಿದೆ. ಕಣ್ಣೀರೋ ನೀರುಮಜ್ಜಿಗೆಯೋ ಎಂಬುದನ್ನು ಪ್ರಯೋಗಾಲಯ ತೀರ್ಮಾನಿಸಬೇಕು.

3. ಕಾಲನಿರ್ಣಯ

ಬೇಸಿಗೆ ಎಂದರೆ ಯಾವುದು? ಪಂಚಾಂಗವನ್ನು ನೆಚ್ಚಿದರೆ ಪ್ರಬಂಧ ಇಲ್ಲಿಗೇ ಮುಗಿಯುತ್ತದೆ. ಗ್ರೀಷ್ಮ ಋತು ಜ್ಯೇಷ್ಠದಿಂದ ಆರಂಭ. 2016ರಲ್ಲಿ ಜ್ಯೇಷ್ಠ ಬಂದದ್ದು ಜೂನ್ 5ರ ಅಮಾವಾಸ್ಯೆ ಕಳೆದ ಮೇಲೆ. ಪಟ್ಟಿಯ ಚಿತ್ರಗಳಲ್ಲಿ ಎಲ್ಲಕ್ಕಿಂತ ತಡವಾಗಿ ಬಂದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಕೂಡ ಜೂನ್ 3ಕ್ಕೇ ಬಿಡುಗಡೆಯಾಗಿತ್ತು. ಅಂದರೆ ಶಾಸ್ತ್ರಪ್ರಕಾರ ಇವೆಲ್ಲ ವಸಂತ ಋತುವಿನ ಚಿತ್ರಗಳು. ಅಭಿಮಾನಿ ಕೋಗಿಲೆಯ ದನಿ ಕೇಳುತ್ತಾ ನೋಡಿರಬೇಕು. ಶಾಲೆಯ ರಜೆಯನ್ನು ಹಿಡಿದರೂ ತೊಡಕು ತಪ್ಪದು: ಏಪ್ರಿಲ್ 10ರ ಪಾಸು-ಫೇಲಿನಿಂದ ಶುರುವಾಗುವ ಆ ಋತು ಜೂನ್ ಒಂದರ ಹೊತ್ತಿಗೆ ಸಮವಸ್ತ್ರದೊಳಗೆ ಕೊನೆಯುಸಿರೆಳೆಯುತ್ತದೆ.

ಆದ್ದರಿಂದ ಇಲ್ಲಿ ಉಷ್ಣಮಾಪಕವನ್ನೇ ಪರಮ ಪ್ರಮಾಣವಾಗಿ ಇಟ್ಟುಕೊಂಡಿದೆ. ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿ ದಾಖಲೆಯಾಯಿತು. ಅಂಥ ಹೊತ್ತಿನಲ್ಲಿ ಎಸಿ ಇರುವ ಚಿತ್ರಮಂದಿರದಲ್ಲಿ ಏನು ಓಡುತ್ತಿದ್ದರೂ ಅದು ಬೇಸಿಗೆಯ ಚಿತ್ರವೇ, ಮೆಚ್ಚಿನ ಚಿತ್ರವೇ. ಮೆಚ್ಚುಗೆಯಲ್ಲಿ ನಿರ್ದೇಶಕನ ಪಾಲೆಷ್ಟು, ಎಸಿಯ ಪಾಲೆಷ್ಟು ಎಂದು ಬೇರ್ಪಡಿಸುವ ವಿಧಾನವನ್ನು ವಿಮರ್ಶಾಲೋಕ ಇನ್ನೂ ಕಂಡುಕೊಂಡಿಲ್ಲ.

4. ಪೂರ್ವಸೂರಿಗಳು

1972ರ ಮಾರ್ಚ್ 31ರಂದು ಬಂದ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂದು ಎಲ್ಲರೂ ಹೇಳುತ್ತಾರೆ. ಓಡಿದ್ದು ಚಿತ್ರ, ನಾಯಕ ರಾಜೀವ ಮಾತ್ರ ನಡೆದ. ಬೆವರು ಸುರಿಸಿ ಕಟ್ಟಿದ ಹೊಲ ಮನೆಗಳನ್ನು ಬಿಟ್ಟು ಕೊನೆಯಲ್ಲಿ ಆತ ಹೊರಟುಹೋದ. ಅದನ್ನು ಕಂಡು ಪೇಟೆಯ ಎಷ್ಟೋ ಯುವಕರು ಬೇಸಾಯಕ್ಕೆಂದು ಹಳ್ಳಿಗೆ ಮರಳಿದರೆಂಬುದು ಪ್ರತೀತಿ. ನಾಯಕ ಹಳ್ಳಿ ಬಿಟ್ಟು ನಡೆದರೆ ಪ್ರೇಕ್ಷಕ ಹಳ್ಳಿಯತ್ತ ನಡೆಯುತ್ತಾನೆ: ಕ್ರಿಯೆಗೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ. ನ್ಯೂಟನ್ ಬದುಕಿದ್ದರೆ ಸ್ಟೇಟ್ಸಿನಲ್ಲಿ ಸೆಕೆಂಡ್ ಶೋಗೆ ಕೂರುತ್ತಿದ್ದ.

1995ರ ಮೇ 19ರ 'ಓಂ', 2002ರ ಏಪ್ರಿಲ್ 26ರ 'ಅಪ್ಪು' ಕೂಡ ಬೇಸಿಗೆಯವೇ. ಆದರೆ ಅಲ್ಲಿ ಓಟ, ಒದೆತ, ಕುಣಿತಗಳೇ ಪ್ರಧಾನವಾಗಿರುವುದರಿಂದ ಅವುಗಳಿಗೆ ಪ್ರತ್ಯೇಕ ಅಧ್ಯಯನ ಪೀಠವೇ ಬೇಕು. ಅದಕ್ಕೆ ಅನುದಾನವೂ ಬೇಕು.

5. ಗತಿಭೇದಗಳು

ಅ) ವೃತ್ತಗತಿ. ಎಂ. ಸರವಣನ್ ನಿರ್ದೇಶನದ 'ಚಕ್ರವ್ಯೂಹ' ತಮಿಳು ಚಿತ್ರವೊಂದರ ರೀಮೇಕ್. ಭಾರತದ ಅಭಿಮನ್ಯುವಿಗೆ ಒಳಹೋಗಲು ಗೊತ್ತಿತ್ತು, ಹೊರಬರಲು ಗೊತ್ತಿರಲಿಲ್ಲ. ಮೊದಲ ದಿನ ಮೊದಲ ಆಟಕ್ಕೆ ಬ್ಲ್ಯಾಕ್‌ನಲ್ಲಿ ಟಿಕೆಟ್ ಹುಡುಕುವವನಿಗೆ ಹೊರಬರಲು ಗೊತ್ತು, ಒಳಹೋಗುವುದೇ ಕಷ್ಟ. ಈ ಸೂಕ್ಷ್ಮವನ್ನು ವ್ಯಾಸರು ಗಮನಿಸಿಲ್ಲ.

ಆ) ಮಂದಗತಿ. ಮೇ ಮೊದಲ ವಾರ ಮಂಡ್ಯ ಸೀಮೆಯ ನೊದೆಕೊಪ್ಪಲಿನಿಂದ ರಾಮ್ ರೆಡ್ಡಿ ನಿರ್ದೇಶನದ, ಈರೇಗೌಡರು ಬರವಣಿಗೆಯಲ್ಲಿ ಜೊತೆಗೂಡಿದ 'ತಿಥಿ' ಬಂತು. ಹಾದಿಹೋಕರನ್ನೆಲ್ಲ ಬಾಯ್ತುಂಬ ಬೈಯುತ್ತಾ ಕೂತ ನೂರೊಂದು ವರ್ಷದ ಸೆಂಚುರಿ ಗೌಡ ಮೂತ್ರಕ್ಕೆಂದು ಎದ್ದು ಹೋಗಿ ಸಾಯುತ್ತಾನೆ. ನಡಿಗೆಶಾಸ್ತ್ರದ ದೃಷ್ಟಿಯಿಂದ ಇದು ಎಚ್ಚರಿಕೆಯ ಗಂಟೆ: ಕೂತಷ್ಟು ಕಾಲ ಆತ ಕ್ಷೇಮವಾಗಿದ್ದ. ಹಿರಿಯ ಮಗ ಗಡ್ಡಪ್ಪನಿಗೆ ಸಾವೂ ಬೇಡ, ಜಮೀನೂ ಬೇಡ. ಟೈಗರ್ ಬ್ರಾಂದಿ ಹಿಡಿದು ಹೊಲದ ಬದುಗಳ ಮೇಲೆ ಅಲೆಯುತ್ತಾನೆ. ಎಂಟ್ರಿಗೆ ಬೂಟಿಲ್ಲ, ಧೂಳಿಲ್ಲ, ಸ್ಲೋ ಮೋಷನ್ನಿನ ಅಗತ್ಯವೇ ಇಲ್ಲ. ಆತನ ಸಹಜ ವೇಗವೇ ಅದು. ಇಂಥ ನಡಿಗೆಗೆ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವ 2015ರಲ್ಲೇ ಚಿನ್ನದ ಚಿರತೆ ಕೊಟ್ಟಿತ್ತು. ಕೈಯಲ್ಲಿ ಹುಲಿಯಿದ್ದವನ ಬೆನ್ನಿಗೆ ಚಿರತೆ ಬಂದದ್ದು ಪ್ರಾಣಿಶಾಸ್ತ್ರಜ್ಞರೂ ಗಮನಿಸಬೇಕಾದ ಸಂಗತಿ.

ಇ) ವಕ್ರಗತಿ. ಮೇ 20ರಂದು ಬಂದ ಪವನ್ ಕುಮಾರ್ ಅವರ 'ಯೂ ಟರ್ನ್'ನಲ್ಲಿ ಡಬಲ್ ರೋಡ್ ಫ್ಲೈಓವರ್ ಮೇಲೆ ಅಡ್ಡವಿಟ್ಟ ಬ್ಲಾಕುಗಳನ್ನು ಸರಿಸಿ ತಿರುಗಿಸಿಕೊಂಡವರೆಲ್ಲ ಅದೇ ದಿನ ಸಾಯುತ್ತಾರೆ. ಸಂಚಾರ ವ್ಯವಸ್ಥೆ ಮಾಡಲಾಗದ್ದನ್ನು ಇಲ್ಲಿ ಒಂದು ದೆವ್ವ ಮಾಡಿ ತೋರಿಸುತ್ತದೆ: ದಂಡದ ಬಾಕಿ ಉಳಿಯುವುದಿಲ್ಲ, ರಿಯಾಯಿತಿಯೂ ಇಲ್ಲ. ವೈಚಿತ್ರ್ಯವೆಂದರೆ ತಿರುಗಬಾರದೆಂದು ಸಾರಿದ ಈ ಚಿತ್ರ ತಾನು ಎಲ್ಲೂ ತಿರುಗದೆ ಮಲಯಾಳ, ತಮಿಳು, ತೆಲುಗು ದಾಟಿ ಫಿಲಿಪೈನ್ಸ್‌ವರೆಗೂ ರೀಮೇಕಾಗುತ್ತಾ ನೇರ ಹೋಯಿತು.

ಈ) ದಿಕ್ಕೆಟ್ಟ ಗತಿ. ಹೇಮಂತ್ ರಾವ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಅನಂತನಾಗ್ ಅವರ ವೆಂಕೋಬರಾವ್ ಆಲ್‌ಝೈಮರ್‌ನಿಂದ ಮರೆವಿಗೆ ಸಿಕ್ಕವರು. ಮುಂಬೈಯಿಂದ ಬಂದ ಮಗ ಶಿವ ಹೊರಗೆ ಕರೆದೊಯ್ದಾಗ ಕಣ್ಮರೆಯಾಗುತ್ತಾರೆ. ಹೆಣ ಸಾಗಿಸುತ್ತಿರುವ ರೌಡಿಯ ಬಂಡಿಯ ಪಾಲಾಗುತ್ತಾರೆ. ಅವರ ಸೌಜನ್ಯಕ್ಕೆ ಮಾತ್ರ ದಿಕ್ಕು ತಪ್ಪುವುದಿಲ್ಲ.

ಅನುಬಂಧ) ಅಂಚಿನ ಟಿಪ್ಪಣಿ. ಮೇ 29ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಐಪಿಎಲ್ ಫೈನಲ್ ಕೂಡ ಅಭಿಮಾನಿಯ ಪಟ್ಟಿಯಲ್ಲಿದೆ; ಪ್ರಕಾರ: ರುದ್ರನಾಟಕ. ಆ ಸಾಲಿನಲ್ಲಿ ವಿರಾಟ್ ಕೊಹ್ಲಿ 973 ರನ್ ಬಾರಿಸಿದ್ದರು. 209ರ ಬೆನ್ನಟ್ಟಿದ ಆರ್‌ಸಿಬಿ ವಿಕೆಟ್ ನಷ್ಟವಿಲ್ಲದೆ 114ರವರೆಗೆ ನೇರವಾಗಿ ಹೋಯಿತು. ಆಮೇಲೆ ಬ್ಲಾಕು ಸರಿಸಿ ಯೂ ಟರ್ನ್ ತೆಗೆದುಕೊಂಡಿತು. ಎಂಟು ರನ್ನಿನಿಂದ ಸೋತಿತು. ಪವನ್ ಕುಮಾರ್ ಅವರ ಸಿದ್ಧಾಂತಕ್ಕೆ ಒಂಬತ್ತೇ ದಿನದಲ್ಲಿ ಇಂಥ ಸಾರ್ವಜನಿಕ ಪುರಾವೆ ದೊರೆತದ್ದು ಅಪರೂಪ.

6. ಮುಖ್ಯ ಶೋಧ

ಈ ಗತಿಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಸಂಶೋಧಕನೂ ನಿರೀಕ್ಷಿಸದ ಒಂದು ಅಂಶ ಗೋಚರಿಸಿತು. ಮೂರು ಚಿತ್ರಗಳಲ್ಲಿ ನಡೆಯುವವನ ಹಿಂದೆ ಒಂದು ಕಾಗದವಿದೆ. 'ತಿಥಿ'ಯಲ್ಲಿ ಗಡ್ಡಪ್ಪನ ಮಗ ತಮ್ಮಣ್ಣ ಜಮೀನಿನಾಸೆಗೆ, ಬದುಕಿರುವ ಅಪ್ಪನ ಹೆಸರಿನಲ್ಲಿ ಮರಣ ಪ್ರಮಾಣಪತ್ರ ಮಾಡಿಸುತ್ತಾನೆ. ದೇಶ ಸುತ್ತಿ ಬಾ ಎಂದು ಸಾಗಹಾಕುತ್ತಾನೆ. 'ಗೋಧಿ ಬಣ್ಣ'ದಲ್ಲಿ ಶಿವ, ಕಳೆದುಹೋದ ಅಪ್ಪನಿಗಾಗಿ ಕಾಣೆಯಾಗಿದ್ದಾರೆಂಬ ಪೋಸ್ಟರು ಹಚ್ಚುತ್ತಾನೆ. 'ಯೂ ಟರ್ನ್'ನಲ್ಲಿ ಫ್ಲೈಓವರಿನ ನಿರ್ಗತಿಕ ಬರೆದುಕೊಟ್ಟ ವಾಹನ ಸಂಖ್ಯೆಗಳ ಚೀಟಿಯಿದೆ. ಒಬ್ಬನಿಗೆ ಅಪ್ಪ ಇಲ್ಲವೆಂದು ಸಾಬೀತಾಗಬೇಕು, ಇನ್ನೊಬ್ಬನಿಗೆ ಇದ್ದಾನೆಂದು ಗೊತ್ತಾಗಬೇಕು. ಇಬ್ಬರೂ ಓಡುತ್ತಾರೆ. ಅಪ್ಪಂದಿರು ನಡೆಯುತ್ತಾರೆ. ಓಡುವವರಿಗೆ ನಡೆಯುವವರು ಸಿಕ್ಕುವುದಿಲ್ಲ.

ಇನ್ನೂ ಒಂದು. ಗಡ್ಡಪ್ಪ ತನ್ನ ಬದುಕಿನ ಒಳಗುಟ್ಟನ್ನು ಹೇಳುವುದು ಮಗನಿಗಲ್ಲ, ದಾರಿಯಲ್ಲಿ ಸಿಕ್ಕ ಕುರಿಗಾಹಿಗಳಿಗೆ. ವೆಂಕೋಬರಾವ್ ತಮ್ಮ ಮತ್ತು ಪತ್ನಿ ಪುಷ್ಪಾಳ ಪ್ರೇಮಕಥೆ ಹೇಳಿರುವುದು ಮಗನಿಗಲ್ಲ, ನೋಡಿಕೊಳ್ಳುವ ವೈದ್ಯೆಗೆ. ಶಿವನಿಗೆ ಅದು ಆಕೆಯ ಬಾಯಿಂದ ತಿಳಿಯುತ್ತದೆ. ಇದರಿಂದ ಸಿದ್ಧವಾಗುವ ಪ್ರಮೇಯ: ಅಪ್ಪನ ಕಥೆ ಮಗನ ಮನೆಗೆ ಪರರ ದಾರಿಯಿಂದಲೇ ಬರುತ್ತದೆ. ಅಭಿಮಾನಿ ಹಸ್ತಪ್ರತಿಯಲ್ಲಿ "ಅಪ್ಪಂಗೆ ಫೋನ್ ಮಾಡ್ಬೇಕು" ಎಂದು ಬರೆದದ್ದು ಚಿತ್ರವಿಮರ್ಶೆಯೇ. ಅಷ್ಟು ಚಿಕ್ಕದಾದ ವಿಮರ್ಶೆಗೆ ಪತ್ರಿಕೆಗಳಲ್ಲಿ ಜಾಗ ಸಿಗುವುದಿಲ್ಲ ಎಂಬುದೊಂದೇ ದೋಷ. ಮಾಡಿದನೋ ಇಲ್ಲವೋ, ಆಕರಗಳು ಮೌನವಾಗಿವೆ.

7. ಆಕ್ಷೇಪ, ಸಮಾಧಾನ

"ಫೈಟಿಲ್ಲ, ಎಂಟ್ರಿಯಿಲ್ಲ, ಮುದುಕರು ನಡೆಯೋದನ್ನ ದುಡ್ಡು ಕೊಟ್ಟು ಯಾರಯ್ಯಾ ನೋಡ್ತಾರೆ? ಲಾಲ್‌ಬಾಗಲ್ಲಿ ಬೆಳಿಗ್ಗೆ ಪುಕ್ಕಟೆ ಸಿಗುತ್ತೆ" ಎಂಬುದು ಗಾಂಧಿನಗರ ಪಂಥದ ಪೂರ್ವಪಕ್ಷ. ತರ್ಕ ಬಲವಾಗಿಯೇ ಇದೆ. ಉತ್ತರ: 'ತಿಥಿ'ಯ ಮೇಲೆ ಗಡ್ಡಪ್ಪ, ಸೆಂಚುರಿ ಗೌಡ ಎಂಬ ಪಾತ್ರದ ಹೆಸರುಗಳೇ ಅವನ್ನು ನಟಿಸಿದ ಹಳ್ಳಿಗರಿಗೆ ನಿಂತುಬಿಟ್ಟವು; ಬೇರೆ ಚಿತ್ರಗಳಿಗೂ ಕರೆ ಬಂತು. 'ಗೋಧಿ ಬಣ್ಣ' ತಮಿಳಿಗೂ ಹೋಯಿತು, ಅಲ್ಲಿ ಪ್ರಕಾಶ್ ರಾಜ್ ಕಳೆದುಹೋದರು. ಲಾಲ್‌ಬಾಗಿನಲ್ಲಿ ನಡೆಯುವವರಿಗೆ ಈ ಭಾಗ್ಯವಿಲ್ಲ. ಅವರು ಗೇಟಿಗೆ ವಾಪಸು ಬರುತ್ತಾರೆ.

8. ಶಿಫಾರಸುಗಳು

ಒಂದು: ಡಬಲ್ ರೋಡಿನಲ್ಲಿ ದೆವ್ವದ ಹುದ್ದೆಯನ್ನು ಕಾಯಂಗೊಳಿಸಬೇಕು.

ಎರಡು: ಚಿತ್ರಮಂದಿರಗಳಲ್ಲಿ ಬೋಂಡಾದೊಂದಿಗೆ ಕೈ ಒರೆಸಲು ಪ್ರತ್ಯೇಕ ಕಾಗದ ಕೊಡಬೇಕು; ಇಲ್ಲವಾದರೆ ಕನ್ನಡದ ಇನ್ನೆಷ್ಟು ಆಕರಗಳು ನಾಶವಾಗುವವೋ.

ಮೂರು: ಅಪ್ಪನನ್ನು ಸಿನಿಮಾಕ್ಕೆ ಕರೆದೊಯ್ಯುವ ಮಕ್ಕಳು ಪಕ್ಕಪಕ್ಕದ ಸೀಟು ತೆಗೆಯಕೂಡದು. ನಡುವೆ ಒಂದು ಸೀಟು ಬಿಟ್ಟು, ಅಲ್ಲಿ ಯಾರಾದರೂ ಅಪರಿಚಿತರು ಬಂದು ಕೂರುವಂತೆ ನೋಡಿಕೊಳ್ಳಬೇಕು. ಇಂಟರ್‌ವಲ್‌ನಲ್ಲಿ ಅಪ್ಪ ಅವರಿಗೆ ತನ್ನ ಕಥೆಯನ್ನೆಲ್ಲ ಹೇಳುತ್ತಾನೆ. ಮಕ್ಕಳು ಮೊಬೈಲ್ ನೋಡುತ್ತಿರುವಂತೆ ನಟಿಸುತ್ತಾ ಕೇಳಿಸಿಕೊಳ್ಳಬಹುದು.