ಬೇಸಿಗೆ ಕಾರ್ಯಾನುಭವ ವರದಿ: ಒಂದು ಬಹುಆಯಾಮಿ, ಅಂತರ್‌ಶಿಸ್ತೀಯ, ಸಮಗ್ರ ಪ್ರವೇಶಿಕೆ

ಅಧ್ಯಾಯ 1: ಸಮಸ್ಯೆಯ ಸ್ವರೂಪ ಮತ್ತು ಸ್ವರೂಪದ ಸಮಸ್ಯೆ

ಅರಣ್ಯ ಮತ್ತು ವನ್ಯಜೀವಿ ನಿರ್ವಹಣಾ ಕ್ಷೇತ್ರದಲ್ಲಿ ವಿದ್ಯಾರ್ಥಿಗಳು ಪಡೆಯುವ ಬೇಸಿಗೆ ಕಾರ್ಯಾನುಭವವನ್ನು ಕುರಿತು ಈವರೆಗೆ ಚರ್ಚಿಸಿದವರೆಲ್ಲ ಕಾಡನ್ನೇ ಕೇಂದ್ರವಾಗಿಟ್ಟುಕೊಂಡು ಮಾತಾಡಿದ್ದಾರೆ. ಇದೊಂದು ಮೂಲಭೂತ ತಾತ್ವಿಕ ದೋಷ. ವಿದ್ಯಾರ್ಥಿ ಕಾಡಿಗೆ ಹೋಗುವುದು ವರದಿಗಾಗಿ. ವರದಿ ಇರುವುದು ಅಂಕಕ್ಕಾಗಿ. ಅಂಕ ಇರುವುದು ಅಂಕಪಟ್ಟಿಗಾಗಿ. ಆದಕಾರಣ ಪ್ರಸ್ತುತ ಪ್ರಬಂಧವು ಕಾಡು ಎಂಬುದನ್ನು ವರದಿಯ ಎರಡು ರಟ್ಟುಗಳ ನಡುವೆ ಸಂಭವಿಸುವ ಹಸಿರು ವಿದ್ಯಮಾನ ಎಂದು ಪರಿಭಾವಿಸುತ್ತದೆ. ವರದಿಗಿಂತ ಮೊದಲೇ ಕಾಡು ಇರಲಿಲ್ಲವೆ ಎಂಬ ಪೂರ್ವಪಕ್ಷ ಏಳಬಹುದು. ಇತ್ತು. ಆದರೆ ಅದಕ್ಕೆ ಸ್ಪೈರಲ್ ಬೈಂಡಿಂಗ್ ಆಗಿರಲಿಲ್ಲ ಎಂಬುದು ಸಿದ್ಧಾಂತ.

ಅಧ್ಯಯನದ ವ್ಯಾಪ್ತಿ: ಚಾಮರಾಜನಗರ ಜಿಲ್ಲೆಯ ಒಂದು ವಲಯ, ಅದರೊಳಗೆ ಒಂದು ಕಳ್ಳಬೇಟೆ ತಡೆ ಶಿಬಿರ, ಅದರೊಳಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಅಧ್ಯಯನದ ಪರಿಮಿತಿ: ಕುರ್ಚಿಗೆ ಮೂರೇ ಕಾಲು.

ಅಧ್ಯಾಯ 2: ಪಾರಿಭಾಷಿಕ ಪದಗಳು

ನಡೆದದ್ದನ್ನು ನಡೆದ ಹಾಗೆ ಬರೆಯುವುದು ಅವೈಜ್ಞಾನಿಕ ಎಂದು ಮಾರ್ಗದರ್ಶಕರು ಪದೇ ಪದೇ ಎಚ್ಚರಿಸಿರುವುದರಿಂದ ಕೆಲವು ಪದಗಳನ್ನು ಮೊದಲೇ ನಿಷ್ಕರ್ಷೆ ಮಾಡಿಕೊಳ್ಳುವುದು ಒಳ್ಳೆಯದು.

ಸಾಂಸ್ಥಿಕ ಪ್ರಕ್ರಿಯೆಗಳ ಸಹಭಾಗಿ ಅವಲೋಕನ: ಜೀಪು ಈಗ ಬರುತ್ತದೆ, ಆಗ ಬರುತ್ತದೆ ಎಂದು ವಲಯ ಕಚೇರಿಯ ಜಗಲಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರುವುದು.

ಯಾದೃಚ್ಛಿಕ ಮಾದರಿ ಸಂಗ್ರಹ: ದಾರಿ ತಪ್ಪುವುದು.

ಬೃಹತ್ ಸಸ್ಯಾಹಾರಿಯ ಅಲ್ಪಕಾಲೀನ ನೇರ ವೀಕ್ಷಣೆ: ಆನೆ ಕಂಡು ಓಡುವುದು. ಓಡುವಾಗ ಜಿಪಿಎಸ್ ಚಾಲೂ ಇದ್ದರೆ ಅದು ‘ಸ್ಥಾನಿಕ ದತ್ತಾಂಶ’ವೂ ಹೌದು.

ಪಾಲುದಾರರೊಂದಿಗೆ ರಚನಾತ್ಮಕ ಸಂವಾದ: ಪೋಡಿನ, ಅಂದರೆ ಸೋಲಿಗರ ಹಾಡಿಯ, ಅಜ್ಜಿ ತಾನೇ ಬೆಳೆದ ಕಾಫಿಯನ್ನು ಕಾಸಿ ಕೊಟ್ಟಾಗ ಕುಡಿಯುವುದು. ಎರಡನೆಯ ಲೋಟ ಕೇಳಿದರೆ ‘ಆಳವಾದ ಸಂದರ್ಶನ’.

ಸಾಮರ್ಥ್ಯವರ್ಧನೆ: ಯಾರ ಸಾಮರ್ಥ್ಯ, ಎಷ್ಟಿದ್ದದ್ದು ಎಷ್ಟಾಯಿತು ಎಂದು ಎಲ್ಲಿಯೂ ಹೇಳದೆ ಪುಟಕ್ಕೆ ಎರಡು ಸಲ ಬಳಸತಕ್ಕ ಪದ.

ಅಧ್ಯಾಯ 3: ಪ್ರಶಿಕ್ಷಣಾರ್ಥಿಗಳ ಐದು ಗಣಗಳು

(ಅ) ವೃಕ್ಷಪರಿಧಿಕ: ಟೇಪು ಹಿಡಿದು ಮರವನ್ನು ತಬ್ಬುವವನು. ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ ಅಳೆಯತಕ್ಕದ್ದು, ಎದೆಯೆತ್ತರವೆಂದರೆ ನೆಲದಿಂದ 1.37 ಮೀಟರ್ ಎಂದು ಶಾಸ್ತ್ರ. ಅಳೆಯುವವನ ಎದೆ ಎಲ್ಲಿದೆ ಎಂಬುದು ಅಪ್ರಸ್ತುತ. ದಿಂಡಿಗ ಯಾವುದು, ಮತ್ತಿ ಯಾವುದು, ಹೊನ್ನೆ ಯಾವುದು ಎಂದು ಇವನಿಗೆ ತಿಳಿಯದು. ಮೂರರ ಸುತ್ತಳತೆಯೂ ಸೆಂಟಿಮೀಟರಿಗೆ ಸರಿಯಾಗಿ ಗೊತ್ತು.

(ಆ) ಮಲಗಣಕ: ಆನೆಯನ್ನು ಕಾಣದೆಯೇ ಆನೆಯನ್ನು ಎಣಿಸುವ ಯೋಗಿ. ನೆಲದ ಮೇಲೆ ಲದ್ದಿಯ ಗುಡ್ಡೆ ಎಷ್ಟು, ಒಂದು ಗುಡ್ಡೆ ಮಣ್ಣಾಗಲು ಎಷ್ಟು ದಿನ, ಒಂದು ಆನೆ ದಿನಕ್ಕೆ ಎಷ್ಟು ಸಲ, ಈ ಮೂರು ಗೊತ್ತಾದರೆ ಆನೆಗಳ ಸಾಂದ್ರತೆ ಹೊರಬೀಳುತ್ತದೆ. ನಗುವ ಮಾತಲ್ಲ. 2023ರ ಗಣತಿಯಲ್ಲಿ ನೇರ ಎಣಿಕೆಯ ಜೊತೆಗೆ ಲದ್ದಿ ಎಣಿಕೆಯೂ ನಡೆದು, ಕರ್ನಾಟಕದಲ್ಲಿ 6,395 ಆನೆಗಳಿವೆಯೆಂಬ ಅಂದಾಜು ಘೋಷಣೆಯಾಯಿತು.

(ಇ) ರೇಖಾಚರ: ಕಾಡಿನೊಳಗೆ ಎರಡು ಕಿಲೋಮೀಟರ್ ನೇರಗೆರೆಯಲ್ಲಿ ನಡೆಯುವವನು. 400 ಮೀಟರಿಗೊಮ್ಮೆ ನಿಂತು 15 ಮೀಟರ್ ತ್ರಿಜ್ಯದೊಳಗಿನ ಮರ, 5 ಮೀಟರಿನೊಳಗಿನ ಪೊದೆ, 1 ಮೀಟರಿನೊಳಗಿನ ಹುಲ್ಲನ್ನು ಬರೆದುಕೊಳ್ಳುತ್ತಾನೆ. ಎದುರಿಗೆ ಲಾಂಟಾನದ ಪೊದೆ ಬಂದಾಗ ನೇರಗೆರೆಯ ವ್ಯಾಖ್ಯೆ ಉದಾರವಾಗುತ್ತದೆ.

(ಈ) ಛಾಯಾಪಾಶಕ: ಕ್ಯಾಮೆರಾ ಟ್ರ್ಯಾಪ್ ಕಟ್ಟುವವನು. ಹುಲಿಯನ್ನು ಗುರುತಿಸುವುದು ಪಟ್ಟೆಯಿಂದ; ಎಡಮೈಯ ಪಟ್ಟೆ ಬಲಮೈಯಲ್ಲಿ ಇರುವುದಿಲ್ಲ. ಆದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ. ಅದು ಕೆಲಸ ಮಾಡುತ್ತದೆಯೇ ಎಂದು ನೋಡಲು ಇವನು ಮಂಡಿಯೂರಿ ನಾಲ್ಕು ಕಾಲಲ್ಲಿ ಅದರ ಮುಂದೆ ಹಾದುಹೋಗುತ್ತಾನೆ. ಕಾರ್ಯಾನುಭವದ ಕಾಲದಲ್ಲಿ ವಿದ್ಯಾರ್ಥಿ ಪ್ರಾಣಿಗೆ ಅತಿ ಹತ್ತಿರವಾಗುವುದು ಆಗಲೇ.

(ಉ) ಐದನೆಯ ಗಣಕ್ಕೂ ಒಂದು ಸಂಸ್ಕೃತದ ಹೆಸರು ಸಿದ್ಧವಾಗಿತ್ತು. ಬೇಡ, ಬಿಡಿ. ಮೇಲಿನ ನಾಲ್ವರನ್ನೂ ಮತ್ತೊಮ್ಮೆ ನೋಡಿದರೆ ವರ್ಗೀಕರಣವೇ ವ್ಯರ್ಥವೆಂದು ಕಾಣುತ್ತದೆ. ಟೇಪಿನವನು, ಲದ್ದಿಯವನು, ಗೆರೆಯವನು, ಕ್ಯಾಮೆರಾದವನು, ಎಲ್ಲರ ಮುಂದೆಯೂ ನಾಲ್ಕು ಹೆಜ್ಜೆ ದೂರದಲ್ಲಿ ಅರಣ್ಯ ಇಲಾಖೆಯ ಒಬ್ಬ ವಾಚರ್ ನಡೆಯುತ್ತಿರುತ್ತಾನೆ. ಹಿಂದೆ ಬರುವವರನ್ನು ಎಷ್ಟು ಗಣಗಳಾಗಿ ವಿಂಗಡಿಸಿದರೇನು?

ಅಧ್ಯಾಯ 4: ಬಳಸಿದ ಉಪಕರಣಗಳು

ವರದಿಯ ನಮೂನೆಯಲ್ಲಿ ಉಪಕರಣಗಳಿಗೆ ಒಂದು ಪುಟ ಮೀಸಲು. ಜಿಪಿಎಸ್, ದಿಕ್ಸೂಚಿ, ರೇಂಜ್‌ಫೈಂಡರ್, ಟೇಪು, ಎಂ-ಸ್ಟ್ರೈಪ್ಸ್ ತಂತ್ರಾಂಶವಿರುವ ಮೊಬೈಲು ಎಂದು ಪಟ್ಟಿ ಮಾಡಿ ತಯಾರಕರ ಹೆಸರನ್ನೂ ಬರೆಯಬೇಕು. ಎಲ್ಲಕ್ಕಿಂತ ಹೆಚ್ಚು ಬಳಸಿದ ಉಪಕರಣಕ್ಕೆ ಮಾತ್ರ ಅಲ್ಲಿ ಕಾಲಂ ಇಲ್ಲ. ಜ್ಞಾನಕ್ಷೇತ್ರದ ಈ ಕೊರತೆಯನ್ನು ಪ್ರಸ್ತುತ ಪ್ರಬಂಧಕಾರ ತುಂಬುತ್ತಾನೆ.

ಹೆಸರು: ವಾಚರ್. ತಯಾರಿಕೆ: ಸ್ಥಳೀಯ, ಈ ಭಾಗದಲ್ಲಿ ಬಹುಮಟ್ಟಿಗೆ ಸೋಲಿಗ ಅಥವಾ ಜೇನುಕುರುಬ. ಗ್ರಹಣಶಕ್ತಿ: ಗಾಳಿಯ ದಿಕ್ಕು, ಆನೆಯ ವಾಸನೆ, ಲದ್ದಿಯ ಬಿಸಿ, ಕಡವೆಯ ಎಚ್ಚರಿಕೆಯ ಕೂಗು, ನಾಲ್ಕನ್ನೂ ಒಟ್ಟಿಗೆ ಗ್ರಹಿಸುತ್ತದೆ. ಇಂಧನ: ಎರಡು ಹೊತ್ತು ಅನ್ನ, ಸಾರು; ಸೌದೆಯನ್ನು ತಾನೇ ತಂದುಕೊಳ್ಳುತ್ತದೆ. ಚಾರ್ಜಿಂಗ್: ಸಂಬಳ ಬಂದಾಗ; ತಿಂಗಳು ಕಳೆದರೂ ಬರದಿದ್ದಾಗಲೂ ನಡೆಯುತ್ತಲೇ ಇರುತ್ತದೆ. ದುರಸ್ತಿ: ಸ್ವಂತ ಖರ್ಚಿನಲ್ಲಿ. ಖಾತರಿ: ಇಲ್ಲ, ಹೊರಗುತ್ತಿಗೆ. ಕಳೆದುಹೋದರೆ: ಬದಲಿ ಲಭ್ಯ.

ಉಪಕರಣದ ಪ್ರಾತ್ಯಕ್ಷಿಕೆ: ನೇರಗೆರೆಯ ನಡಿಗೆಯಲ್ಲಿ ಒಮ್ಮೆ ಅದು ಕೈಯೆತ್ತಿ ನಿಂತಿತು.

“ನಿಂತ್ಕಳಿ ಸಾ. ಆನ ಅದ.”

“ಎಲ್ಲಣ್ಣ? ಕಾಣ್ತಿಲ್ಲವಲ್ಲ.”

“ಕಣ್ಗ ಎಲ್ಲಿ ಕಂಡದು? ಮೂಗ್ಗ ಬಡೀತಾ ಇಲ್ವಾ?”

ಸ್ವಲ್ಪ ಹೊತ್ತಿಗೆ ಬಿದಿರಿನ ಮೆಳೆಯ ಹಿಂದಿನಿಂದ ಮರಿಯೊಂದಿಗೆ ಎರಡು ಹೆಣ್ಣಾನೆಗಳು ದಾಟಿಹೋದವು. ಮೊದಲು ಗೊತ್ತಾದದ್ದು ಅವನಿಗೆ, ಮೂಗಿನಿಂದ. ದೂರ, ಕೋನ, ಸಂಖ್ಯೆ ನಮೂದಾದದ್ದು ನನ್ನ ಹಾಳೆಯಲ್ಲಿ. ಆ ಹಾಳೆಯ ತಲೆಯಲ್ಲಿ ‘ವೀಕ್ಷಕರ ಹೆಸರು’ ಎಂಬ ಜಾಗವಿದೆ. ಅಲ್ಲಿ ಇರುವುದು ನನ್ನ ಹೆಸರು, ನನ್ನ ನೋಂದಣಿ ಸಂಖ್ಯೆ.

ಇಲ್ಲಿ ಚಾರಿತ್ರಿಕ ಹಿನ್ನೆಲೆ ಕೊಡುವುದು ವಾಡಿಕೆ. ಹಿಂದೆ ಹುಲಿಯ ಹೆಜ್ಜೆಯ ಮೇಲೆ ಗಾಜು ಇಟ್ಟು, ಅದರ ರೂಪವನ್ನು ಬರೆದುಕೊಂಡು, ಹೆಜ್ಜೆಗೊಂದು ಹುಲಿಯನ್ನು ಗುರುತಿಸುವ ಗಣತಿ ನಡೆಯುತ್ತಿತ್ತು. ರಾಜಸ್ಥಾನದ ಸಾರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಉಳಿದಿಲ್ಲವೆಂದು 2005ರ ಹೊತ್ತಿಗೆ ಬಯಲಾದ ಮೇಲೆ ಆ ಪದ್ಧತಿ ಹೋಯಿತು. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ಕ್ಯಾಮೆರಾ ಟ್ರ್ಯಾಪ್ ಬಳಸುವ ಹೊಸ ವಿಧಾನದ ಅಂದಾಜು ಬಂತು. 2022ರ ಸುತ್ತಿನಲ್ಲಿ ಕರ್ನಾಟಕಕ್ಕೆ ಸಿಕ್ಕ ಸಂಖ್ಯೆ 563. ವಿಜ್ಞಾನ ಸುಧಾರಿಸಿತು, ಒಳ್ಳೆಯದೇ ಆಯಿತು. ಆದರೆ ಪ್ರತಿ ವರದಿಯೂ ಇದನ್ನು ‘ತಂತ್ರಜ್ಞಾನದ ವಿಜಯ’ ಎಂದು ಕರೆದು ಚಪ್ಪಾಳೆ ತಟ್ಟುತ್ತದೆ. ಹುಲಿ ಯಾವ ತಿರುವಿನಲ್ಲಿ ನೆಲ ಕೆರೆಯುತ್ತದೆ, ಯಾವ ಮರಕ್ಕೆ ಉಚ್ಚೆ ಸಿಡಿಸುತ್ತದೆ, ಹಾಗಾಗಿ ಕ್ಯಾಮೆರಾ ಎಲ್ಲಿ ಕಟ್ಟಬೇಕು ಎಂದು ತಂತ್ರಜ್ಞಾನದ ಕಿವಿಯಲ್ಲಿ ಹೇಳಿದವನು ಯಾರೆಂದು ಯಾವ ವರದಿಯೂ ಬರೆಯುವುದಿಲ್ಲ.

ಅಧ್ಯಾಯ 5: ಫಲಿತಾಂಶ ಮತ್ತು ಚರ್ಚೆ, ಬೆಂಕಿಗೆ ವಿಶೇಷ ಉಲ್ಲೇಖದೊಂದಿಗೆ

ಬೇಸಿಗೆ ವರದಿಗೆ ಬೆಂಕಿಯ ಅಧ್ಯಾಯ ಕಡ್ಡಾಯ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ಮೊದಲ ಪ್ಯಾರಾದಲ್ಲಿ ನೆನೆಯಬೇಕು. ಎರಡನೆಯದರಲ್ಲಿ ಬೆಂಕಿ ರೇಖೆಗಳ ಉದ್ದ ಅಗಲ ಕೊಡಬೇಕು. ಮೂರನೆಯದರಲ್ಲಿ ‘ಸಮಗ್ರ ಅಗ್ನಿ ನಿರ್ವಹಣಾ ಕಾರ್ಯತಂತ್ರ’ವನ್ನು ಪ್ರತಿಪಾದಿಸಬೇಕು. ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಉರಿಯ ಮೇಲೆ ಬಡಿಯುವವರು ‘ಮಾನವ ಸಂಪನ್ಮೂಲ’ ಎಂಬ ಉಪಶೀರ್ಷಿಕೆಯಲ್ಲಿ ಬರುತ್ತಾರೆ.

ಒಂದು ಸಂಜೆ ಶಿಬಿರದಲ್ಲಿ ವಾಚರಣ್ಣ ಹೇಳಿದ್ದು ಇದು: “ನಮ್ಮ ತಾತದೀರು ತರಗು ಬೆಂಕಿ ಹಾಕ್ತಿದ್ರು ಸಾ. ತರಗಷ್ಟೆ ಬೆಂದೋಗದು, ಮರ ಬೇಯ್ತಿರ್ನಿಲ್ಲ. ಲಾಂಟಾನ ಚಿಕ್ಕದ್ರಲ್ಲೇ ಸುಟ್ಟೋಗದು. ಈಗ ಹಾಕಂಗಿಲ್ಲ. ಅದು ಆಳೆತ್ತರ ಬೆಳ್ದದ. ಬೆಂಕಿ ಬಿದ್ರ ತುದಿಗಂಟ ಹತ್ತದ.” ನೆಲ್ಲಿಮರಗಳ ಮೇಲೆ ಉಪ್ಪಿಲು ಎಂಬ ಬಂದಣಿಕೆ ಹೆಚ್ಚಿ ಮರ ಸೊರಗುವುದಕ್ಕೂ ಬೆಂಕಿ ಹಾಕದಿರುವುದೇ ಕಾರಣ ಎಂದ. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ತರಗು ಬೆಂಕಿ ಅಲ್ಲಿಗೆ ನಿಂತಿತು.

ಇದನ್ನು ವರದಿಯಲ್ಲಿ ಬರೆದೆ. ಪಕ್ಕದಲ್ಲಿ ಮಾರ್ಗದರ್ಶಕರ ಕೆಂಪು ಶಾಯಿ: ‘ಆಧಾರ? ಮೌಖಿಕ ಹೇಳಿಕೆಗಳು ದತ್ತಾಂಶವಲ್ಲ.’ ಸೋಲಿಗರು ಹೇಳಿದ ಇದೇ ಮಾತನ್ನು ಆಧರಿಸಿ ಸಂಶೋಧಕರು ಬರೆದ ಲಾಂಟಾನದ ಪ್ರಬಂಧ 2012ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಅಚ್ಚಾಗಿದೆ. ಅದನ್ನು ಹುಡುಕಿ ಉಲ್ಲೇಖಿಸಿದೆ. ಕೆಂಪು ಶಾಯಿ ಮಾಯವಾಯಿತು. ಹೀಗೆ ಪ್ರಸ್ತುತ ಪ್ರಬಂಧದ ಮೊದಲ ಪ್ರಮೇಯ ಸಿದ್ಧವಾಗುತ್ತದೆ: ಒಂದು ಮಾತು ಪೋಡಿನಿಂದ ಹೊರಟು, ಇಂಗ್ಲಿಷ್ ಕಲಿತು, ಸಮುದ್ರ ದಾಟಿ, ಅಚ್ಚಾಗಿ ಹಿಂತಿರುಗಿದರೆ ಸತ್ಯ, ಪೋಡಿನಲ್ಲೇ ಕೂತಿದ್ದರೆ ವದಂತಿ.

ಅಧ್ಯಾಯ 6: ಶಿಫಾರಸುಗಳು

ಎಲ್ಲ ವರದಿಗಳ ಕೊನೆಗೂ ಒಂದು ವಾಕ್ಯ ಇರುತ್ತದೆ. ನಾನು ಓದಿದ ಹಳೆಯ ವರದಿಗಳಲ್ಲಿ ಅದು ಇಲ್ಲದ್ದು ಒಂದೂ ಇಲ್ಲ. ‘ಅರಣ್ಯ ಸಂರಕ್ಷಣೆಯ ಮಹತ್ವದ ಬಗ್ಗೆ ಸ್ಥಳೀಯ ಸಮುದಾಯಗಳಲ್ಲಿ ಅರಿವು ಮೂಡಿಸಬೇಕು.’

ಯಾರು? ಯಾರಿಗೆ? ಕಡವೆ ಯಾವುದು, ಜಿಂಕೆ ಯಾವುದು ಎಂದು ಹಿಕ್ಕೆ ನೋಡಿ ಹೇಳಲು ಬಾರದ ನಾವು, ಅರ್ಧ ಬೇಸಿಗೆ ಶಿಬಿರದ ಅನ್ನ ತಿಂದು ಹೋಗುವ ನಾವು, ಆ ಅನ್ನ ಬೇಯಿಸಿದವನಿಗೆ ಅರಿವು ಮೂಡಿಸಬೇಕಂತೆ! 1972ರ ವನ್ಯಜೀವಿ ಕಾಯ್ದೆಯಾದ ಮೇಲೆ ಅವನ ಹಿರಿಯರ ಬೇಟೆ ಅಪರಾಧವಾಯಿತು, ಅಭಯಾರಣ್ಯವಾದ ಮೇಲೆ ಬೆಂಕಿ ಅಪರಾಧವಾಯಿತು, ಅಲೆಯುವ ಬೇಸಾಯ ನಿಂತಿತು. ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು 2011ರಲ್ಲಿ, ಅದೂ ಅವರೇ ಹೋರಾಡಿದ ಮೇಲೆ. ಹಕ್ಕುಪತ್ರದ ಹಾಳೆ ಬಂತು. ನಮ್ಮ ವರದಿಯ ವಾಕ್ಯ ಮಾತ್ರ ಬದಲಾಗಲಿಲ್ಲ.

ಕೃತಜ್ಞತೆಯ ಪುಟದಲ್ಲಿ ವಾಚರಣ್ಣನ ಹೆಸರನ್ನು ಮೊದಲಿಗೆ ಹಾಕಿದ್ದೆ. ಕುಲಪತಿಗಳಿಂದ ಆರಂಭಿಸಿ ಡೀನ್, ವಿಭಾಗದ ಮುಖ್ಯಸ್ಥರು, ಮಾರ್ಗದರ್ಶಕರು, ಅರಣ್ಯಾಧಿಕಾರಿಗಳು, ತಂದೆತಾಯಿ, ಸ್ನೇಹಿತರು, ಡಿಟಿಪಿ ಮಾಡಿದವರು ಎಂಬ ಕ್ರಮ ಪಾಲಿಸಬೇಕೆಂದೂ, ಉಳಿದವರಿಗೆ ‘ಕ್ಷೇತ್ರ ಸಿಬ್ಬಂದಿ’ ಎಂದರೆ ಸಾಕೆಂದೂ ಸೂಚನೆ ಬಂತು. ಡಿಟಿಪಿಯವರ ಹೆಸರು ಉಳಿಯಿತು.

ನನ್ನನ್ನು ಕಾಡುವುದು ಹೆಸರಲ್ಲ. ವಾಚರಣ್ಣನ ಮಗ ಆಶ್ರಮ ಶಾಲೆಯ ಹಾಸ್ಟೆಲಿನಲ್ಲಿದ್ದಾನೆ; ಪರಿಸರ ಅಧ್ಯಯನದ ಪುಸ್ತಕದಲ್ಲಿ ಕಾಡಿನ ಪಾಠ ಓದುತ್ತಾನೆ. ಮೂಗಿನಲ್ಲಿ ಆನೆಯನ್ನು ಹಿಡಿಯುವ ವಿದ್ಯೆಯನ್ನು ಯಾವ ಪುಸ್ತಕವೂ ಕಲಿಸದು. ಅದಕ್ಕೆ ಚಿಕ್ಕಂದಿನಿಂದ ಅಪ್ಪನ ಹಿಂದೆ ಅಲೆಯಬೇಕು. ಅಪ್ಪನ ಗಸ್ತಿಗೆ ಮಗನನ್ನು ಕರೆದೊಯ್ಯುವಂತಿಲ್ಲ. ಮೊಹರು ಹಾಕಿದ ಅನುಮತಿ ಪತ್ರ ಇದ್ದದ್ದು ನನಗೆ. ಮಗ ಪಡೆಯಬೇಕಾದ ಪಾಠವನ್ನು ಅವನು ನನಗೆ ಹೇಳಿಕೊಟ್ಟ. ನಾನು ಅದನ್ನು ಕೋಷ್ಟಕ ಮಾಡಿ, ಅಂಕ ಪಡೆದು, ಬಸ್ಸು ಹತ್ತಿ ಬಂದೆ. ಈ ವಿದ್ಯೆ ಅವನ ತಲೆಮಾರಿಗೆ ಮುಗಿಯುತ್ತದೆ. ಆಮೇಲೆ ಅದರ ನಷ್ಟದ ಬಗ್ಗೆ ಯಾರಾದರೂ ವಿಚಾರಸಂಕಿರಣ ನಡೆಸಿ, ಬಂದವರಿಗೆಲ್ಲ ಬ್ಯಾಗು, ಪೆನ್ನು ಕೊಡುತ್ತಾರೆ.

ಆದ್ದರಿಂದ ಶಿಫಾರಸುಗಳು ಮೂರೇ. ಒಂದು, ವಾಚರುಗಳ ಸಂಬಳ ತಿಂಗಳ ಮೊದಲ ವಾರದಲ್ಲಿ ಕೈಸೇರಲಿ. ಇದಕ್ಕೆ ಯಾವ ಸಂಶೋಧನೆಯೂ ಬೇಡ. ಎರಡು, ನನಗೆ ಕೊಟ್ಟಂಥ ಅನುಮತಿ ಪತ್ರವನ್ನು ರಜೆಯಲ್ಲಿ ಪೋಡಿನ ಮಕ್ಕಳಿಗೂ ಕೊಡಲಿ, ಅಂಕ ಬೇಡ, ಅಲೆಯಲು ಬಿಟ್ಟರೆ ಸಾಕು. ಮೂರು, ಕಾರ್ಯಾನುಭವದ ಮೌಖಿಕ ಪರೀಕ್ಷೆ ಹವಾನಿಯಂತ್ರಿತ ಸಭಾಂಗಣ ಬಿಟ್ಟು ಕಾಡಿನ ದಾರಿಯಲ್ಲೇ ನಡೆಯಲಿ. ಪರೀಕ್ಷಕನಾಗಿ ವಾಚರ್ ಬರಲಿ. ಅವನಿಗೆ ಹೊರಗಿನ ಪರೀಕ್ಷಕರಿಗೆ ಕೊಡುವಷ್ಟೇ ಸಂಭಾವನೆ, ಪ್ರಯಾಣಭತ್ಯೆ ಸಲ್ಲಲಿ. ಈ ಲದ್ದಿ ನಿನ್ನೆಯದೋ ಇಂದಿನದೋ, ಈ ಹೆಜ್ಜೆ ಹೋದದ್ದೋ ಬಂದದ್ದೋ, ಗಾಳಿ ಈಗ ಯಾವ ಕಡೆಗೆ ಬೀಸುತ್ತಿದೆ ಎಂಬ ಮೂರು ಪ್ರಶ್ನೆ ಅವನು ಕೇಳಿದರೆ ಸಾಕು. ನಾವು ಯಾರೂ ಪಾಸಾಗುವುದಿಲ್ಲ. ಮಾರ್ಗದರ್ಶಕರೂ ಬಂದು ಉತ್ತರಿಸಬಹುದು.