ಪಾತ್ರವೇ ಬರೆಸಿತು ಸಾರ್!

ಪುಸ್ತಕ ಬಿಡುಗಡೆಯ ಸಭೆಗಳಲ್ಲಿ ಒಂದು ಪ್ರಶ್ನೆ ಮಾತ್ರ ತಪ್ಪುವುದೇ ಇಲ್ಲ. ಭಾಷಣಗಳೆಲ್ಲ ಮುಗಿದು, ಹಿಂದಿನ ಸಾಲಿನವರು ಉಪ್ಪಿಟ್ಟು-ಕಾಫಿ ಎಲ್ಲಿಟ್ಟಿದ್ದಾರೆ ಎಂದು ಕತ್ತು ಹೊರಳಿಸುವ ಹೊತ್ತಿಗೆ ಯಾರೋ ಮೈಕು ಹಿಡಿದು ಕೇಳುತ್ತಾರೆ: "ಸಾರ್, ನಿಮ್ಮ ಪಾತ್ರಗಳು ಹೇಗೆ ಹುಟ್ಟುತ್ತವೆ?" ಕಾದಂಬರಿಕಾರರು ಈಗಷ್ಟೇ ಹೊದಿಸಿದ ಶಾಲನ್ನು ಸರಿಮಾಡಿಕೊಂಡು, ತಲೆಯ ಮೇಲಿನ ಫ್ಯಾನನ್ನೊಮ್ಮೆ ನೋಡಿ, "ನಾನೆಲ್ಲಿ ಬರೆದೆ? ಪಾತ್ರವೇ ಬರೆಸಿಕೊಂಡಿತು" ಎನ್ನುತ್ತಾರೆ. ಚಪ್ಪಾಳೆ. ಹಾಗಾದರೆ ಗೌರವಧನದ ಚೆಕ್ಕನ್ನೂ ಪಾತ್ರದ ಹೆಸರಿಗೇ ಬರೆಯೋಣವೇ ಎಂದು ಪ್ರಕಾಶಕರು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನನ್ನ ಅನುಮಾನವೇ ಬೇರೆ. ಇವರು ಪಾತ್ರದ ಪರಿಚಯ ಮಾಡಿಕೊಳ್ಳುವುದು ಧ್ಯಾನದಿಂದಲ್ಲ, ಅಪ್ಪಟ ಅಧಿಕಪ್ರಸಂಗದಿಂದ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಜ್ಜಿ ಟಿಕೆಟ್ ತೆಗೆಯುವ ಮೊದಲೇ "ಯಾವೂರಪ್ಪ? ಯಾರ ಮಗ? ಮದುವೆ ಆಗೈತಾ? ಮಕ್ಕಳೆಷ್ಟು? ಒಂದೇ ಯಾಕೆ?" ಎಂದು ಜಾತಕ ಬಿಡಿಸಿಬಿಡುತ್ತಾಳಲ್ಲ, ಅದೇ ವಿದ್ಯೆ. ಅಜ್ಜಿ ಅದನ್ನು ಇಳಿದ ಊರಿನ ಜಗಲಿಯಲ್ಲಿ ಪುಕ್ಕಟೆ ಹಂಚುತ್ತಾಳೆ, ಇವರು ಅಚ್ಚು ಹಾಕಿಸಿ ಬೆಲೆ ಇಡುತ್ತಾರೆ.

ಭೈರಪ್ಪನವರನ್ನೇ ತೆಗೆದುಕೊಳ್ಳಿ. ದ್ರೌಪದಿಯನ್ನು ಅರಿಯದ ಮನೆ ಈ ದೇಶದಲ್ಲಿ ಉಂಟೇ? ಭಾಗವತರು, ಹರಿಕಥೆ ದಾಸರು, ಮನೆಮನೆಯ ಅಜ್ಜಿಯರು ಎಲ್ಲರೂ ಹೇಳಿಯಾಗಿದೆ. ಆದರೂ ಅದೇ ಕಥೆಯನ್ನು ಮತ್ತೆ ಹೇಳುವ 'ಪರ್ವ'ದ (1979) ಹಿಂದೆ ಹಿಮಾಲಯದ ಅಲೆದಾಟವಿದೆ. ಅಣ್ಣತಮ್ಮಂದಿರೆಲ್ಲ ಸೇರಿ ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಅಲ್ಲಿನ ಕೆಲವು ಹಳ್ಳಿಗಳಲ್ಲಿ ಆಗಲೂ ಉಳಿದಿತ್ತು. ಐವರಲ್ಲಿ ಒಬ್ಬ ಮುನಿಸಿಕೊಂಡು ಮಲಗಿದರೆ ಊಟಕ್ಕೆ ಎಬ್ಬಿಸುವವರು ಯಾರು? ಕೂಸು ಅಪ್ಪಾ ಎಂದರೆ ಎಷ್ಟು ಜನ ಓಗೊಡಬೇಕು? ವ್ಯಾಸರು ದೊಡ್ಡವರು, ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಕಾದಂಬರಿಕಾರನಿಗೆ ಇದು ತಿಳಿಯದೆ ನಿದ್ದೆ ಬರುವುದಿಲ್ಲ.

ಅದೇ 'ಗೃಹಭಂಗ'ದ (1970) ನಂಜಮ್ಮನಿಗಾಗಿ ಅವರು ಯಾವ ಬೆಟ್ಟವನ್ನೂ ಹತ್ತಬೇಕಾಗಿರಲಿಲ್ಲ. ಅವರ ತಾಯಿಯೇ ಆ ಪಾತ್ರದ ಮೂಲ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವವಳು ಹೆಂಡತಿ. ಅದೂ ಸಾಲದೆ ಮುತ್ತುಗದ ಎಲೆ ಹಚ್ಚಿ ಮಕ್ಕಳ ಹೊಟ್ಟೆ ನೋಡಬೇಕು. ಆಕೆ ಸಹನಾಮೂರ್ತಿ, ಧೈರ್ಯಸ್ಥೆ ಎಂದು ಪುಟಗಟ್ಟಲೆ ಹೊಗಳಿದ್ದರೆ ನಾವು ಆಕಳಿಸಿ ಪುಸ್ತಕ ಮುಚ್ಚುತ್ತಿದ್ದೆವು. ಕೈಯಲ್ಲಿ ಮುತ್ತುಗದ ಎಲೆ, ಕಡ್ಡಿ ಕಂಡದ್ದೇ ತಡ, ಆಕೆ ನಮ್ಮ ದೊಡ್ಡಮ್ಮನೋ ಸೋದರತ್ತೆಯೋ ಆಗಿಬಿಡುತ್ತಾಳೆ. ಚೆನ್ನಿಗರಾಯನ ಅಂತರಂಗಕ್ಕೆ ಇಳಿಯುವ ಶ್ರಮವೂ ಬೇಡ, ಇಳಿದರೂ ಅಲ್ಲೇನೂ ಸಿಗುವುದಿಲ್ಲ. ಅವನು ಉಣ್ಣುವುದನ್ನು ನೋಡಿದರೆ ಸಾಕು.

ಈಗಿನ ಕಮ್ಮಟಗಳಲ್ಲಿ ಪಾತ್ರಕ್ಕೊಂದು ಬಯೋಡೇಟಾ ಬರೆಸುತ್ತಾರಂತೆ. ಎತ್ತರ, ತೂಕ, ಇಷ್ಟದ ಬಣ್ಣ, ಬಾಲ್ಯದ ಭಯ, ಕೊನೆಯ ಬಾರಿ ಅತ್ತದ್ದು ಯಾವಾಗ. ಪಾಸ್‌ಪೋರ್ಟಿನವರೂ ಇಷ್ಟು ಕೇಳುವುದಿಲ್ಲ. ಎಲ್ಲ ತುಂಬಿದ ಮೇಲೂ ಆ ಪುಣ್ಯಾತ್ಮ ಕೂತಲ್ಲಿಂದ ಏಳುವುದಿಲ್ಲ. ಕುವೆಂಪು 'ಮಲೆಗಳಲ್ಲಿ ಮದುಮಗಳು' (1967) ಬರೆದಾಗ ಗುತ್ತಿ ಎಂಬ ಪಾತ್ರಕ್ಕೆ ಕೊಟ್ಟದ್ದು ಒಂದು ನಾಯಿ, ಹುಲಿಯ. ಊರು ಅವನನ್ನು ನಾಯಿಗುತ್ತಿ ಎಂದೇ ಕರೆಯಿತು. ಎದುರಿಗೆ ಬಂದವರಿಗೆಲ್ಲ ತಗ್ಗಿ ದಾರಿ ಬಿಡಬೇಕಾದ ಜೀತದಾಳು ಅವನು. ಆದರೆ ಆ ನಾಯಿಯ ಪಾಲಿಗೆ ಅವನೇ ಒಡೆಯ, ಅವನೇ ದೇವರು. ಬೈಯುತ್ತಾನೆ, ಮುದ್ದಿಸುತ್ತಾನೆ, ಮನುಷ್ಯರ ಹತ್ತಿರ ಆಡಲಾಗದ್ದನ್ನು ಅದರ ಹತ್ತಿರ ಆಡುತ್ತಾನೆ. ಹಾಗೆ ಗುತ್ತಿ ಎಂಥವನು ಎಂದು ನಮಗೆ ಗೊತ್ತಾಗುತ್ತ ಹೋಗುತ್ತದೆ. ಕೊನೆಗೆ ತುಂಗೆಯ ಪ್ರವಾಹ ಹುಲಿಯನನ್ನು ಎಳೆದುಕೊಂಡು ಹೋದಾಗ ನಾವು ಗುತ್ತಿಯ ಮುಖ ನೋಡಲಾರೆವು. ಇಷ್ಟದ ಬಣ್ಣ ಯಾವುದೆಂದು ಅವನನ್ನು ಯಾರೂ ಕೇಳಿರಲಿಲ್ಲ.

ಇನ್ನು ಎಂ.ಕೆ. ಇಂದಿರಾ. 'ಫಣಿಯಮ್ಮ' (1976) ಅವರು ತಾಯಿಯ ಬಾಯಿಂದ ಕೇಳಿದ ಕಥೆ, ಮನೆತನದೊಳಗಿನ ಹೆಂಗಸಿನದೇ ಬದುಕು. ನಮ್ಮ ಹೆಂಗಸರು ಅಡುಗೆಮನೆಯಲ್ಲಿ ಆಡಿಕೊಳ್ಳುವ ಮಾತನ್ನು ಹರಟೆ ಎಂದು ಮೂಗು ಮುರಿಯುವ ಗಂಡಸರು ಆ ಕಾದಂಬರಿಯನ್ನು ಇನ್ನೊಮ್ಮೆ ಓದಬೇಕು.

ತಮಾಷೆ ಇರುವುದು ಪಾತ್ರ ಬೆಳೆದು ಮನೆ ಬಿಟ್ಟ ಮೇಲೆ. ತರಾಸು ಅವರ ಮೂರು ಕಾದಂಬರಿಗಳನ್ನು ಒಟ್ಟುಗೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ 'ನಾಗರಹಾವು' ಸಿನಿಮಾ ತೆಗೆದರು. ಜನ ಅದರ ನಾಯಕ ರಾಮಾಚಾರಿಯನ್ನು ತಲೆಯ ಮೇಲೆ ಹೊತ್ತು ಕುಣಿದರು. ತರಾಸು ಮಾತ್ರ, ನಾಗರಹಾವನ್ನು ಕೇರೆಹಾವು ಮಾಡಿಟ್ಟರು ಎಂದು ಸಿಡುಕಿದರಂತೆ. ಅಲ್ಲ, ಪಾತ್ರ ನನ್ನ ಮಾತು ಕೇಳುವುದಿಲ್ಲ ಎಂದು ವೇದಿಕೆಯ ಮೇಲೆ ಬೀಗುವ ಕುಲ ಇದು. ಅದೇ ಪಾತ್ರ ಬೇರೊಬ್ಬರ ಮಾತು ಕೇಳಿದರೆ ಯಾಕಿಷ್ಟು ಹೊಟ್ಟೆಯುರಿ? ನನಗೋ ರಾಮಾಚಾರಿ ಎಂದರೆ ವಿಷ್ಣುವರ್ಧನ್ ಮುಖವೇ ಎದುರಿಗೆ ಬರುತ್ತದೆ, ತರಾಸು ಕ್ಷಮಿಸಲಿ.

ನೆಂಟರ ಪಾಡಂತೂ ಕೇಳಲೇಬೇಡಿ. ನನ್ನ ಪರಿಚಯದ ಒಬ್ಬ ಕಾದಂಬರಿಕಾರರು ತಮ್ಮ ಸೋದರಮಾವನನ್ನೇ ಇಟ್ಟುಕೊಂಡು ಜಿಪುಣನ ಪಾತ್ರವೊಂದನ್ನು ಕಡೆದರು. ಮಾವ ಮನೆಗೇ ಬಂದು ಗೌರವ ಪ್ರತಿ ವಸೂಲು ಮಾಡಿಕೊಂಡು, ಎರಡೇ ದಿನಕ್ಕೆ ಓದಿ ಮುಗಿಸಿ ಫೋನ್ ಮಾಡಿದರು: "ಲೋ, ಆ ಕಂಜೂಸ್ ಮುದುಕ ನಮ್ಮ ಷಡ್ಡಕನೇ ತಾನೆ? ಥೇಟು ಅವನೇ ಕಣೋ!" ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಬಿಲ್ಲು ಬರುತ್ತದೆಂದು ಫೋನ್ ಇಟ್ಟರು. ಷಡ್ಡಕರಿಗೂ ಸುದ್ದಿ ಮುಟ್ಟಿತು. ಅವತ್ತಿನಿಂದ ಅವರು ಕಾದಂಬರಿಕಾರರ ಜೊತೆ ಮಾತು ಬಿಟ್ಟಿದ್ದಾರೆ. ಜಿಪುಣ ಎಂದದ್ದಕ್ಕಲ್ಲವಂತೆ, ಎರಡನೇ ಅಧ್ಯಾಯದಲ್ಲೇ ಸಾಯಿಸಿದ್ದಕ್ಕಂತೆ.